ಜರಡಿಯಣ್ಣ ‘ಹ್ಞೂಂ’ ಅಂದದ್ದು

ಈ ಕಥೆ ಹೇಳುವ ಹುರುಪು ನನಗೇನೂ ಇಲ್ಲ. ಆದರೆ ನಮ್ಮ ಕಚೇರಿಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳಿ ಹೇಳಿ, ಈಗ ಅದು ಜರಡಿಯಣ್ಣ ಹೊರಟ ಬಸ್ಸಿಗೆ ಅಡ್ಡ ಮಲಗಿದರು ಎಂಬಲ್ಲಿಗೆ ಬಂದು ನಿಂತಿದೆ. ಅವರು ಮಲಗಲಿಲ್ಲ. ಬಸ್ಸಿನೊಳಗೆ ಸೀಟಿನ ಮೇಲೆ ಕೂತಿದ್ದರು, ಅಷ್ಟೇ. ನಾನು ಅಲ್ಲೇ ಇದ್ದೆ. ಆದ್ದರಿಂದ ಸುಸ್ತಾಗಿದ್ದರೂ ಹೇಳುತ್ತೇನೆ.

ನಮ್ಮದು ಮೋಟಾರುಗಳ ನಾಡಿ ನೋಡುವ ಕೆಲಸ. ಕಾರ್ಖಾನೆಗಳಿಂದ ನರಳುತ್ತಾ ಬರುವ ಪಂಪು, ಫ್ಯಾನು, ಮೋಟಾರುಗಳನ್ನು ಕಬ್ಬಿಣದ ಮಂಚದ ಮೇಲೆ ಕೂರಿಸಿ, ಮೈಗೊಂದು ಗುಂಡಿಯಂಥ ಸೆನ್ಸರು ಅಂಟಿಸಿ, ಅವುಗಳ ನಡುಕವನ್ನು ಪರದೆಯ ಮೇಲೆ ಗೆರೆಯಾಗಿ ನೋಡುತ್ತೇವೆ. ಒಳಗೆ ಬೇರಿಂಗು ಸವೆದಿದ್ದರೆ ಸಣ್ಣಗೆ ಟಕ್ ಟಕ್ ಎನ್ನುತ್ತದೆ. ಆದರೆ ಅದು ಸುಮ್ಮನೆ ಸಿಗುವುದಿಲ್ಲ. ಕರೆಂಟಿನ ಗುಂಯ್‌ಗಾನ ಎಲ್ಲವನ್ನೂ ಮುಚ್ಚಿರುತ್ತದೆ. ಆ ಗುಂಯ್ ಅನ್ನು ಸೋಸಿ ತೆಗೆಯುವುದು ಫಿಲ್ಟರಿನ ಕೆಲಸ. ಬೆಳಗಿನ ಚಳಿಗೆ ಗುಂಡಿ ಕಡಿಮೆ ತೋರಿಸುತ್ತದೆ, ಅದಕ್ಕೊಂದಿಷ್ಟು ಕೂಡಿಸಬೇಕು. ಮಧ್ಯಾಹ್ನದ ಸೆಖೆಗೆ ಜಾಸ್ತಿ ತೋರಿಸುತ್ತದೆ, ಅಷ್ಟು ಕಳೆಯಬೇಕು. ಅದು ಸರಿದೂಗಿಸುವ ಕೆಲಸ. ಈ ಎರಡು ಕೆಲಸಗಳಲ್ಲಿ ನಮ್ಮ ಹಿರಿಯ ಸಹೋದ್ಯೋಗಿಯನ್ನು ಮೀರಿಸಿದವರಿಲ್ಲ. ಎದುರಿಗೆ ಅವರನ್ನು ಅಣ್ಣ ಎನ್ನುತ್ತೇವೆ. ಬೆನ್ನ ಹಿಂದೆ ಅದಕ್ಕೊಂದು ಜರಡಿ ಸೇರಿಸುತ್ತೇವೆ.

ಹೊಸಬರಿಗೆ ಪಾಠ ಹೇಳುವುದೂ ಅವರೇ. “ಒಂದು ಮಾತು ನೆನಪಿಟ್ಕೊಳ್ರಪ್ಪ. ಫಿಲ್ಟರ್ ಪುಕ್ಸಟ್ಟೆ ಕೆಲಸ ಮಾಡಲ್ಲ. ಗೆರೆ ಎಷ್ಟು ನುಣುಪಾಗುತ್ತೋ ಅಷ್ಟು ತಡವಾಗಿ ಬರುತ್ತೆ. ತುಂಬ ಸೋಸಿದ್ರೆ ಬೇರಿಂಗು ಮುರಿದು ಬಿದ್ದ ಮೇಲೆ ಪರದೇಲಿ ಸುದ್ದಿ ಬರುತ್ತೆ,” ಎಂದು ಅವರು ಹೇಳುವಾಗ ಎಲ್ಲರೂ ಬರೆದುಕೊಳ್ಳುತ್ತಾರೆ. ಅವರು ತಾವೂ ಒಂದು ಸಲ ಬರೆದುಕೊಂಡಿದ್ದರೆ ಈ ಕಥೆಗೆ ಕೆಲಸವಿರುತ್ತಿರಲಿಲ್ಲ.

ಅವರ ಮೂಗಿನ ಕೆಳಗೆ ದಪ್ಪನೆಯ ಮೀಸೆಯೊಂದಿದೆ. ಇತ್ತು ಎನ್ನಬೇಕು. ಊಟದ ಬಿಡುವಿನಲ್ಲಿ ಅದನ್ನು ಎರಡೂ ಕಡೆ ಸಮವಾಗಿ ನೀವಿಕೊಂಡು ತತ್ವಕ್ಕೆ ಇಳಿಯುತ್ತಿದ್ದರು.

“ಪ್ರಪಂಚದಲ್ಲಿರೋದು ಎರಡೇ ವಿದ್ಯೆ ಕಣಯ್ಯ. ಸೋಸೋದು, ಸರಿದೂಗಿಸೋದು. ಡಾಕ್ಟ್ರು ಎದೆಗೆ ತಂತಿ ಹಚ್ಚಿ ಗೆರೆ ತೆಗೀತಾರಲ್ಲ, ಅದ್ರಲ್ಲಿ ಗೋಡೆ ಕರೆಂಟಿನ ಗುಂಯ್ ಸೋಸ್ದೇ ಇದ್ರೆ ಎದೆಬಡಿತ ಎಲ್ಲಿ ಕಾಣುತ್ತೆ? ರೇಡಿಯೋ ತಗೋ. ಆಕಾಶದ ತುಂಬ ಸ್ಟೇಷನ್ನುಗಳು ಕಿರುಚ್ತಿರುತ್ವೆ. ಒಂದನ್ನ ಉಳಿಸ್ಕೊಂಡು ಮಿಕ್ಕಿದ್ದು ಸೋಸಿದ್ರೇನೇ ಹಾಡು. ಹಳೇ ಗಡಿಯಾರದ ಲೋಲಕ ಸೆಖೆಗೆ ಉದ್ದ ಆಗುತ್ತೆ, ಗಡಿಯಾರ ಹಿಂದೆ ಬೀಳುತ್ತೆ. ಅದಕ್ಕೆ ಇನ್ನೊಂದು ಲೋಹದ ಕಡ್ಡಿ ಸೇರಿಸಿ ಸರಿದೂಗಿಸ್ತಾರೆ. ನಕ್ಷತ್ರ ನೋಡೋರಿಗೆ ಗಾಳಿ ಅಲುಗಾಟದ ಕಾಟ. ಅವ್ರು ಅದಕ್ಕೆ ಸರಿಯಾಗಿ ಕನ್ನಡೀನೇ ಅಲುಗಾಡಿಸ್ತಾರೆ. ಇಷ್ಟೆಲ್ಲ ಕಡೆ ಬೇಕು, ಮನೇಲಿ ಮಾತ್ರ ಬೇಡ್ವಾ?”

“ಮನೇಲಿ ಏನು ಸೋಸ್ತೀರಿ ಅಣ್ಣ?” ಎಂದೆ. ಕೇಳಬಾರದಿತ್ತು.

“ಸಾಯಂಕಾಲ ಹೋಗಿ ಕೂತ್ರೆ ಫ್ಯಾನು ಗುಂಯ್ ಅನ್ನುತ್ತೆ, ನಿಮ್ಮತ್ತಿಗೆ ಮಾತಾಡ್ತಾಳೆ. ಎರಡೂ ಒಂದೇ ಸಮ. ಒಂದೇ ಸಮ ಬರೋದಕ್ಕೆ ನಮ್ಮ ಶಾಸ್ತ್ರದಲ್ಲಿ ಏನಂತಾರೆ? ಗದ್ದಲ. ತಲೆಯೊಳಗೆ ಒಂದು ತಿರುಪು ತಿರುಗಿಸ್ಬಿಡ್ತೀನಿ. ಮುಖ್ಯವಾದ ಮಾತು ಬಂದ್ರೆ ತಾನಾಗೇ ದಾಟ್ಕೊಂಡು ಬರುತ್ತೆ. ಮದುವೆ ಆದಾಗಿನಿಂದ ಒಂದೇ ಒಂದು ಮುಖ್ಯ ಮಾತು ತಪ್ಪಿಲ್ಲ ಅಂದ್ರೆ ನಂಬ್ತೀಯಾ?”

ನಂಬಿದೆ. ಆ ಹೊತ್ತಿಗೆ ಅದು ನಿಜವೂ ಆಗಿತ್ತು. ಯಾಕೆ ನಿಜವಾಗಿತ್ತೆಂಬುದು ನನಗಾಗಲಿ ಅವರಿಗಾಗಲಿ ಗೊತ್ತಿರಲಿಲ್ಲ, ಅಷ್ಟೇ.

ಅತ್ತಿಗೆಗೆ ಒಬ್ಬ ತಮ್ಮನಿದ್ದಾನೆ. ಔಷಧಿ ಅಂಗಡಿ ಇಟ್ಟಿದ್ದಾನೆ, ನಾಲಿಗೆ ಸ್ವಲ್ಪ ಕಹಿ. ಒಂದು ಭಾನುವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತವನು, “ಅಕ್ಕಾ, ನೀನು ಇನ್ಮೇಲೆ ಗೋಡೆ ಕಡೆ ತಿರುಗಿ ಮಾತಾಡು. ಗೋಡೆ ಸುಳ್ಳುಸುಳ್ಳೇ ‘ಹ್ಞೂಂ’ ಅನ್ನಲ್ಲ,” ಎಂದುಬಿಟ್ಟ. ಜರಡಿಯಣ್ಣನಿಗೆ ಸಿಟ್ಟು ನೆತ್ತಿಗೇರಿತು. “ನಿಮ್ಮಕ್ಕ ಆಡಿದ ಮಾತಲ್ಲಿ ಒಂದಕ್ಷರ ನಾನು ಬಿಟ್ಟಿದ್ರೆ ಈ ಮೀಸೆ ಬೋಳಿಸ್ತೀನಿ ಕಣೋ!” ಎಂದು ಎದ್ದು ನಿಂತರು. ಬಾಮೈದ ಆ ಮೀಸೆಯನ್ನೇ ನೋಡಿದ. ಅತ್ತಿಗೆ ಇಬ್ಬರಿಗೂ ಅನ್ನ ಬಡಿಸಿದರು.

ಅದಾದ ವಾರದೊಳಗೇ ಆಗಬಾರದ್ದು ಆಯಿತು. ಆ ಸಾಯಂಕಾಲ ಅಣ್ಣ ಕೆಲಸದಿಂದ ಬಂದು, ಶೂ ಬಿಚ್ಚಿ, ಫ್ಯಾನಿನ ಕೆಳಗೆ ಕಾಲು ಚಾಚಿದ್ದರು. ಅತ್ತಿಗೆ ಬಟ್ಟೆ ಮಡಿಸುತ್ತಾ ಏನೋ ಹೇಳಿದರು. ಅಣ್ಣ “ಹ್ಞೂಂ” ಅಂದರು. ಅತ್ತಿಗೆ ಮಡಿಸುವುದನ್ನು ನಿಲ್ಲಿಸಿ “ನಿಜವಾಗ್ಲೂ?” ಅಂದರು. “ಅದ್ರಲ್ಲೇನಿದೆ, ಆಗ್ಲಿ ಬಿಡು,” ಅಂದರು ಅಣ್ಣ. ಅತ್ತಿಗೆ ಸ್ವಲ್ಪ ಹೊತ್ತು ಅವರನ್ನೇ ನೋಡಿ ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಮೆಟ್ಟಿಲ ಮೇಲೆ ಎದುರುಮನೆಯ ಟೀಚರಮ್ಮ ಸಿಕ್ಕರು. ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಇಡೀ ಕಟ್ಟಡವನ್ನು ಇವತ್ತಿಗೂ ಬೆಂಚಿನ ಮೇಲೆ ನಿಲ್ಲಿಸಿಯೇ ಮಾತಾಡಿಸುವವರು. ಅಂಥವರು ಅಣ್ಣನ ಎರಡೂ ಕೈ ಹಿಡಿದುಕೊಂಡರು.

“ನಿಮ್ಮನ್ನ ನಾನು ಇಷ್ಟು ವರ್ಷ ತಪ್ಪು ತಿಳ್ಕೊಂಡಿದ್ದೆ. ಕ್ಷಮಿಸಿ.”

“ಪರವಾಗಿಲ್ಲ ಬಿಡಿ,” ಅಂದರು ಅಣ್ಣ. ಯಾಕೆಂದು ಗೊತ್ತಿಲ್ಲದಿದ್ದರೂ ಕ್ಷಮೆಯನ್ನು ಬೇಡವೆನ್ನುವ ಅಭ್ಯಾಸ ಅವರಿಗಿರಲಿಲ್ಲ.

“ಒಂದು ಪ್ರಶ್ನೆ ಕೇಳ್ದೆ, ಒಂದು ಷರತ್ತು ಹಾಕ್ದೆ ಒಪ್ಕೊಂಡ್ರಂತೆ! ಯಾವ ಗಂಡಸಿಗೆ ಬರುತ್ತೆ ಈ ಬುದ್ಧಿ?”

“ಅದ್ರಲ್ಲೇನಿದೆ,” ಅಂದರು ಅಣ್ಣ, ಮೀಸೆ ನೀವಿಕೊಳ್ಳುತ್ತಾ.

ಕೆಳಗೆ ಗೇಟಿನ ಹತ್ತಿರ ಬಾಮೈದ ಸ್ಕೂಟರು ಅಡ್ಡ ನಿಲ್ಲಿಸಿಕೊಂಡು ಕಾಯುತ್ತಿದ್ದ. “ಬಾವ, ನಿಮಗೆ ತಲೆ ನೆಟ್ಟಗಿದೆಯಾ? ಒಂದು ವರ್ಷ! ಅದೂ ಆ ಚಳೀಲಿ! ಈ ಬೆನ್ನುನೋವು ಕಟ್ಕೊಂಡು! ನಾನು ಬೇಡ ಅಂತ ಬಾಯಿ ಬಡ್ಕೊಂಡೆ, ನೀವು ಆಗ್ಲಿ ಅಂದ್ರಂತೆ!”

“ಯೋಚ್ನೆ ಮಾಡೇ ಅಂದಿದ್ದು,” ಅಂದರು ಅಣ್ಣ. “ಇಂಥಾದ್ದೆಲ್ಲ ನಿಂಗರ್ಥ ಆಗಲ್ಲ.” ಈ ಕೊನೆಯ ಮಾತು ಅವರಿಗೂ ಅನ್ವಯಿಸುತ್ತಿತ್ತು.

ಕಚೇರಿಗೆ ಬಂದವರೇ ಬಾಗಿಲು ಮುಚ್ಚಿ ನನ್ನ ಪಕ್ಕದಲ್ಲಿ ಕೂತರು. ಮುಖ ಇಳಿದುಹೋಗಿತ್ತು. “ಏನಕ್ಕೋ ಹ್ಞೂಂ ಅಂದ್ಬಿಟ್ಟಿದ್ದೀನಿ ಕಣಯ್ಯ. ಏನಕ್ಕೆ ಅಂತ ಗೊತ್ತಾಗ್ತಿಲ್ಲ. ಒಂದು ವರ್ಷ ಇದೆ, ಚಳಿ ಇದೆ, ಬೆನ್ನುನೋವಿದೆ. ಮಿಕ್ಕಿದ್ದೆಲ್ಲ ಸೋಸಿ ಹೋಗಿದೆ.”

“ಅತ್ತಿಗೇನೇ ಕೇಳಿ ಅಣ್ಣ. ‘ಏನಂದೆ’ ಅಂತ. ಅಷ್ಟೇ ತಾನೇ?”

“ಮೀಸೆ?” ಅಂದರು. ಒಂದೇ ಪದ. ಆದರೆ ಅದರಲ್ಲಿ ಅವರ ಮರ್ಯಾದೆ, ಬಾಮೈದನ ನಗು, ಟೀಚರಮ್ಮನ ಮುಂದಿನ ಎಲ್ಲ ಬೆಳಗುಗಳು ಅಡಗಿದ್ದವು. “ನೀನು ಹೋಗಿ ಸುಳಿವು ಹಿಡ್ಕೊಂಡು ಬಾ. ನಿನ್ನ ಮೇಲೆ ಅವಳಿಗೆ ಅನುಮಾನ ಬರಲ್ಲ.”

ನಾನು ಒಂದು ಕೊಡೆ ಹಿಡಿದುಕೊಂಡು ಹೋದೆ. ಆವತ್ತು ಅತ್ತಿಗೆಗೆ ರಜೆ. ಅವರು ಆಸ್ಪತ್ರೆಯೊಂದರ ಹೊಲಿಗೆ ವಿಭಾಗದಲ್ಲಿದ್ದಾರೆ. ಆಪರೇಷನ್ನಿನ ನಿಲುವಂಗಿ, ಹಾಸಿಗೆಯ ಹೊದಿಕೆ, ಹರಿದ ಪರದೆ, ಎಲ್ಲ ಅವರ ಮಿಷನ್ನಿನ ಕೆಳಗೇ ಹಾದುಹೋಗಬೇಕು. ಮನೆಯಲ್ಲೂ ಮಿಷನ್ನಿನ ಮುಂದೆಯೇ ಕೂತು ಬೂದು ಬಣ್ಣದ ದಪ್ಪ ಬಟ್ಟೆಗೆ ತೋಳು ಹಚ್ಚುತ್ತಿದ್ದರು.

“ಕೊಡೆ ವಾಪಸ್ ಕೊಡೋಣ ಅಂತ ಬಂದೆ ಅತ್ತಿಗೆ.”

“ಅದು ನಮ್ಮದಲ್ಲ,” ಅಂದರು ತಲೆ ಎತ್ತದೆ. “ಅವ್ರು ಕಳಿಸಿದ್ರಾ?”

“ಇಲ್ಲ, ಇಲ್ಲ. ನಾನೇ...”

“ಕೂತ್ಕೊಳ್ಳಿ. ಟೀ ಇಡ್ತೀನಿ.”

ಅಡುಗೆಮನೆಯ ಬಾಗಿಲಲ್ಲಿ ಕೂತೆ. ಒಲೆಯ ಮೇಲೆ ಅನ್ನದ ಪಾತ್ರೆ, ಅದರ ಮೇಲೊಂದು ಮುಚ್ಚಳ. ಅಂಥ ಮುಚ್ಚಳವನ್ನು ನಾನು ನೋಡಿರಲಿಲ್ಲ. ಅಂಚಿನ ಸುತ್ತಲೂ ನೆಗ್ಗಿ, ಹಲ್ಲು ಹಲ್ಲಾಗಿ, ಯಾವ ಕಡೆಯಿಂದಲೂ ನೆಟ್ಟಗೆ ಕೂರುತ್ತಿರಲಿಲ್ಲ. ನಾನು ಅದನ್ನೇ ನೋಡುವುದನ್ನು ಅತ್ತಿಗೆ ನೋಡಿದರು.

“ಅದು ನಿಮ್ಮಣ್ಣನ ಕಿವಿ,” ಅಂದರು.

“ಏನು?”

“ಮದುವೆ ಆದ ಹೊಸದ್ರಲ್ಲೇ ಗೊತ್ತಾಯ್ತು, ಇವ್ರಿಗೆ ನನ್ನ ಮಾತೂ ಫ್ಯಾನೂ ಒಂದೇ ಅಂತ. ಜಗಳ ಆಡಿ ನೋಡಿದೆ, ಅತ್ತು ನೋಡಿದೆ. ಒಂದಿನ ಕೈ ಜಾರಿ ಮುಚ್ಚಳ ಬಿತ್ತು. ತಕ್ಷಣ ತಿರುಗಿ ನೋಡಿದ್ರು! ಅವತ್ತಿಂದ ಮುಖ್ಯವಾದ ಮಾತೇನಿದ್ರೂ ಮೊದಲು ಮುಚ್ಚಳ ಬೀಳಿಸ್ತೀನಿ, ಆಮೇಲೆ ಮಾತಾಡ್ತೀನಿ. ಅಮ್ಮನಿಗೆ ಹುಷಾರಿಲ್ಲ ಅಂತ ಹೇಳೋವಾಗ ಬೀಳಿಸಿದೆ. ಈ ಮನೆ ತಗೊಳ್ಳೋಣ ಅಂದಾಗ ಬೀಳಿಸಿದೆ. ಆ ನೆಗ್ಗು ನೀವೇ ನೋಡಿದೀರಲ್ಲ, ಎಷ್ಟು ಮಾತಾಡಿದೀನಿ ಅಂತ.”

ಜರಡಿಯಣ್ಣ ಮದುವೆಯಾದಾಗಿನಿಂದ ಒಂದೇ ಒಂದು ಮುಖ್ಯ ಮಾತನ್ನೂ ತಪ್ಪಿಸಿಕೊಳ್ಳದ ರಹಸ್ಯ ನನಗೆ ಆಗ ತಿಳಿಯಿತು. ಸೋಸುವ ವಿದ್ಯೆ ಅವರದು. ಸರಿದೂಗಿಸುವ ಕೆಲಸವನ್ನು ಇಷ್ಟು ವರ್ಷ ಮಾಡಿಕೊಂಡು ಬಂದವರು ಇವರು.

“ನಿನ್ನೆ ಬೀಳಿಸ್ಲಿಲ್ವಾ ಅತ್ತಿಗೆ?”

“ಇಲ್ಲ.” ಟೀ ಲೋಟ ನನ್ನ ಕೈಗಿಟ್ಟು ತಾವೂ ಕೆಳಗೆ ಕೂತರು. “ನಮ್ಮ ಆಸ್ಪತ್ರೆ ಇನ್ನೊಂದು ಊರಲ್ಲಿ ಹೊಸ ಕಟ್ಟಡ ಕಟ್ಟಿದೆ. ಗುಡ್ಡದ ಮೇಲೆ, ಚಳಿ ಊರು. ಅಲ್ಲಿ ಹೊಸ ಹೆಂಗಸರಿಗೆ ಕೆಲಸ ಕಲಿಸೋಕೆ ಒಂದು ವರ್ಷ ನನ್ನನ್ನೇ ಕರೀತಿದಾರೆ. ಹೋಗ್ಲಾ ಬೇಡ್ವಾ ಅಂತ ನಂಗೇ ಗೊತ್ತಿರ್ಲಿಲ್ಲ. ಇವ್ರ ಹತ್ರ ಹೇಳ್ಬೇಕು ಅಂತ ಮುಚ್ಚಳ ಕೈಗೆ ತಗೊಂಡೆ. ತಗೊಂಡು ಅಲ್ಲೇ ನಿಂತೆ. ಸುಸ್ತಾಗೋಯ್ತು ಕಣ್ರೀ. ಎಷ್ಟು ವರ್ಷ ಅಂತ ಬೀಳಿಸ್ಲಿ? ಕೆಳಗಿಟ್ಟೆ. ಹೋಗಿ ಸುಮ್ನೆ ಹೇಳಿದೆ. ಹ್ಞೂಂ ಅಂದ್ರು.”

ನಾನು ಲೋಟ ಕೆಳಗಿಟ್ಟೆ. “ನಾನು ಹೇಳ್ತೀನಿ ಅಣ್ಣಂಗೆ,” ಅಂದೆ.

“ಹೇಳ್ಬೇಡಿ. ನಿಮಗೆ ಕೈ ಮುಗೀತೀನಿ. ಅವ್ರಾಗೇ ಬಂದು ‘ಏನಂದೆ’ ಅಂತ ಕೇಳ್ಲಿ. ಕೇಳಿದ್ರೆ ಇಬ್ರೂ ಕೂತು ಮಾತಾಡ್ತೀವಿ. ಅವ್ರು ಬೇಡ ಅಂದ್ರೆ ಬೇಡ ಅಂತಾನೂ ಆಗ್ಬಹುದು. ಕೇಳ್ದೇ ಇದ್ರೆ ಭಾನುವಾರದ ಬಸ್ಸಿದೆ.”

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಹಾಗಾಗಿ ಆ ವಾರ ಪೂರ್ತಿ ನಾನು ಅನುಭವಿಸಿದ್ದನ್ನು ಶತ್ರುವಿಗೂ ಬಯಸುವುದಿಲ್ಲ. ಇಡೀ ಕಟ್ಟಡಕ್ಕೆ ಗೊತ್ತು, ಬಾಮೈದನಿಗೆ ಗೊತ್ತು, ನನಗೆ ಗೊತ್ತು. ಗೊತ್ತಿಲ್ಲದವರು ಒಬ್ಬರೇ. ಅವರೋ ಮಾರನೆಯ ದಿನ ಬಂದು, ಮೇಜು ಕುಟ್ಟಿ, “ಸಿಕ್ತು ಕಣಯ್ಯ!” ಅಂದರು.

“ಅತ್ತಿಗೇನ ಕೇಳಿದ್ರಾ?”

“ಕೇಳೋದೇನು, ಲೆಕ್ಕಾಚಾರ! ನೋಟೀಸ್ ಬೋರ್ಡ್ ನೆನಪಿದೆಯಾ? ಗುಡ್ಡದ ಮೇಲಿನ ಪಂಪ್‌ಹೌಸಿಗೆ ಒಬ್ರು ಬೇಕು, ಒಂದು ವರ್ಷಕ್ಕೆ ಅಂತ ಅಂಟಿಸಿದ್ರಲ್ಲ? ಚಳಿ ಊರು! ಮ್ಯಾನೇಜ್ರು ಮನೆಗೆ ಫೋನ್ ಮಾಡಿದಾರೆ. ಇವಳು ನನ್ನ ಕೇಳಿದಾಳೆ. ನಾನು ಹ್ಞೂಂ ಅಂದಿದೀನಿ. ಹೋಗ್ತಿರೋದು ನಾನು ಕಣಯ್ಯ!” ಹೇಳುತ್ತಾ ಹೇಳುತ್ತಾ ಅವರ ದನಿ ಕುಗ್ಗಿತು. “ಈ ವಯಸ್ಸಲ್ಲಿ ಒಬ್ನೇ ಇರ್ಬೇಕು. ಬೇಜಾರಾಗ್ತಿದೆ. ಆದ್ರೆ ಮಾತು ಕೊಟ್ಟಾಯ್ತು.”

“ಮ್ಯಾನೇಜರನ್ನಾದ್ರೂ ಒಂದ್ಸಲ ಕೇಳಿ,” ಎಂದು ದಬ್ಬಿದೆ. ದಬ್ಬಿದ್ದಷ್ಟೇ ಅಲ್ಲ, ಜೊತೆಗೇ ಹೋದೆ.

ಮ್ಯಾನೇಜರು ಕನ್ನಡಕ ಹಣೆಗೇರಿಸಿ ನಮ್ಮಿಬ್ಬರನ್ನೂ ನೋಡಿದರು. “ಗುಡ್ಡದ ಪಂಪ್‌ಹೌಸಾ? ಅದು ರದ್ದಾಗಿ ಎಷ್ಟೋ ಕಾಲ ಆಯ್ತಲ್ರೀ. ನೋಟೀಸ್ ತೆಗೆಯೋಕೆ ಯಾರಿಗೂ ಪುರುಸೊತ್ತಿಲ್ಲ, ಅಷ್ಟೇ. ನಿಮ್ಮನ್ನ ಎಲ್ಲಿಗೂ ಕಳಿಸ್ತಿಲ್ಲ. ಹೋಗಿ ಕೆಲಸ ನೋಡಿ.”

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೊರಗೆ ಬಂದ ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟರು. “ಗಟ್ಟಿಯಾಯ್ತು ನೋಡು.”

“ಇಲ್ಲ ಅಂದ್ರಲ್ಲ ಅಣ್ಣ!”

“ಮ್ಯಾನೇಜರ ಮಾತನ್ನ ಹಾಗ್ಹಾಗೇ ತಗೊಳ್ತಾರೇನಯ್ಯ? ಅದಕ್ಕೆ ಯಾವಾಗ್ಲೂ ಉಲ್ಟಾ ದೋಷ. ಬಡ್ತಿ ಇದೆ ಅಂದ್ರೆ ಇಲ್ಲ, ತನಿಖೆ ಇಲ್ಲ ಅಂದ್ರೆ ಇದೆ. ಸರಿದೂಗಿಸಿ ಓದ್ಬೇಕು. ಕಳಿಸ್ತಿಲ್ಲ ಅಂದ್ರು, ಅಂದ್ಮೇಲೆ ಕಳಿಸ್ತಿದಾರೆ.”

ಆಮೇಲೆ ದಿನಕ್ಕೊಂದು ಪುರಾವೆ ಹೊತ್ತು ತಂದರು. ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿದಿದೆ. ಅದರಲ್ಲಿ ಅತ್ತಿಗೆಯ ಬಟ್ಟೆ ಇದೆಯಂತೆ. “ನನ್ನ ಶೇವಿಂಗ್ ಕನ್ನಡಿ ಒಡೀಬಾರ್ದು ಅಂತ ಕೆಳಗೆ ಮೆತ್ತಗೆ ಹಾಸಿದಾಳೆ ಪಾಪ.” ಬೂದು ಕೋಟು ಸಿದ್ಧವಾಗಿದೆ. ಅತ್ತಿಗೆ ಸ್ನಾನಕ್ಕೆ ಹೋದಾಗ ಹಾಕಿ ನೋಡಿದರಂತೆ, ತೋಳು ಮೊಣಕೈ ದಾಟಿಲ್ಲವಂತೆ. “ಉಣ್ಣೆ ಬಟ್ಟೆ ತೊಳೆದ ಮೇಲೆ ಹಿಗ್ಗುತ್ತೆ, ಆ ಲೆಕ್ಕ ಹಾಕೇ ಹೊಲಿದಿದಾಳೆ.” ಅನ್ನ ಮಾಡುವುದು, ಸಾರಿಗೆ ಉಪ್ಪು ಹಾಕುವುದು, ಗ್ಯಾಸ್ ಮುಗಿದರೆ ಯಾರಿಗೆ ಫೋನ್ ಮಾಡುವುದು, ಎಲ್ಲ ಹೇಳಿಕೊಡುತ್ತಿದ್ದಾರೆ. “ಅಲ್ಲಿ ನಾನೇ ಬೇಯಿಸ್ಕೋಬೇಕಲ್ಲ!”

“ಇಲ್ಲಿನ ಗ್ಯಾಸಿನವನ ನಂಬರು ಅಲ್ಲಿಗ್ಯಾಕೆ ಅಣ್ಣ?” ಎಂದು ಕೇಳಿದೆ. ಅತ್ತಿಗೆಗೆ ಕೊಟ್ಟ ಮಾತು ಮುರಿಯದೆ ಇದಕ್ಕಿಂತ ಹತ್ತಿರ ಹೋಗಲು ನನ್ನಿಂದಾಗುತ್ತಿರಲಿಲ್ಲ.

ಅವರು ಮೀಸೆ ನೀವಿಕೊಂಡರು. “ಅದು ಗದ್ದಲ,” ಅಂದರು. “ಅದನ್ನ ಬಿಟ್ಬಿಡು.”

ಸೋಸುವವನಿಗೆ ಹಿಟ್ಟು ಯಾವುದು ಹೊಟ್ಟು ಯಾವುದೆಂದು ಮೊದಲೇ ತೀರ್ಮಾನವಾಗಿಬಿಟ್ಟರೆ ಬ್ರಹ್ಮ ಬಂದರೂ ತಿದ್ದಲಾರ. ನಾನಂತೂ ಬ್ರಹ್ಮನಲ್ಲ. ಶನಿವಾರ ಸಾಯಂಕಾಲ ಕೊನೆಯ ಸಲ ಕಾಲು ಹಿಡಿಯುವವನ ಹಾಗೆ ಹೇಳಿದೆ, “ಅಣ್ಣ, ಮನೆಗೆ ಹೋಗಿ. ಅತ್ತಿಗೆ ಎದುರು ಕೂತು ‘ಅವತ್ತು ಏನಂದೆ’ ಅಂತ ಕೇಳಿ. ಮೀಸೆ ಹೋದ್ರೆ ಬರುತ್ತೆ.” ಅವರು ನನ್ನನ್ನು ಮಮತೆಯಿಂದ ನೋಡಿದರು. “ಹೊರಡೋ ಹೊತ್ತಲ್ಲಿ ಅವಳ ಮನಸ್ಸು ನೋಯಿಸ್ಲಾ? ಬೇಡ ಕಣಯ್ಯ.”

ಭಾನುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಸೇರಿದೆವು. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಬಾಮೈದ ಯಾರ ಮುಖವನ್ನೂ ನೋಡದೆ ದೂರ ನಿಂತಿದ್ದ. ಟೀಚರಮ್ಮ ಒಂದು ಫ್ಲಾಸ್ಕು ತಂದಿದ್ದರು. ಅತ್ತಿಗೆ ಬೂದು ಕೋಟು ತೊಟ್ಟಿದ್ದರು. ಅಳತೆ ತೆಗೆದು ಹೊಲಿದಂತಿತ್ತು. ಹೊಲಿದದ್ದೇ ಹಾಗೆ.

“ಕೈಯಲ್ಲಿ ಹೊರೋದು ಭಾರ ಅಂತ ಮೈಮೇಲೇ ಹಾಕ್ಕೊಂಡು ತಂದಿದಾಳೆ,” ಎಂದು ಅಣ್ಣ ನನ್ನ ಕಿವಿಯಲ್ಲಿ ಹೇಳಿದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಪೆಟ್ಟಿಗೆಯನ್ನು ಮೇಲೆ ಹಾಕಿದ್ದಾಯಿತು. ಅಣ್ಣ ಬಸ್ಸು ಹತ್ತಿದರು, ಅತ್ತಿಗೆಯ ಟಿಕೆಟಿನಲ್ಲಿ ಸೀಟಿನ ನಂಬರಷ್ಟೇ ನೋಡಿಕೊಂಡು ಕಿಟಕಿಯ ಪಕ್ಕ ಕೂತರು, ಹೊರಗೆ ನೋಡಿ ಭಾರವಾಗಿ ಕೈ ಬೀಸಿದರು.

“ನೋಡಿ, ಸೀಟು ಹಿಡ್ಕೊಡೋಕೆ ಹೋಗಿದಾರೆ,” ಅಂದರು ಟೀಚರಮ್ಮ, ಕಣ್ಣೊರೆಸಿಕೊಳ್ಳುತ್ತಾ. “ಇಂಥೋರು ಸಿಗಲ್ಲ.”

ಅತ್ತಿಗೆ ಹತ್ತಿದರು. ನಾನು ಅವರ ಚೀಲ ಹಿಡಿದು ಹಿಂದೆಯೇ ಹತ್ತಿದೆ. ಅಣ್ಣ ಎದ್ದು ಅತ್ತಿಗೆಯ ತಲೆ ಸವರಿ, “ಹುಷಾರು. ದಿನಾ ಫೋನ್ ಮಾಡ್ತೀನಿ. ಇಳಿ ಇನ್ನು, ಹೊರಡುತ್ತೆ,” ಎಂದು ಮತ್ತೆ ಕೂತರು. ಅತ್ತಿಗೆ ಬಿಟ್ಟ ಬಾಯಿ ಮುಚ್ಚಲಿಲ್ಲ.

ಕಂಡಕ್ಟರು ಬಂದ. “ಸ್ವಾಮಿ, ಇದು ಅಮ್ಮಾವ್ರ ಸೀಟು. ನೀವು ಇಳೀರಿ.”

“ಹೋಗ್ತಿರೋದು ನಾನು ಕಣಪ್ಪ.”

“ಟಿಕೆಟ್ ಒಂದೇ ಇರೋದು, ಹೆಂಗಸರದು.”

“ಬರೆಯೋವಾಗ ತಪ್ಪಾಗಿರುತ್ತೆ. ಸರಿ ಮಾಡ್ಕೊ.”

“ಸರಿ, ಎಲ್ಲಿಗೆ ಹೋಗ್ತಿದೀರಿ ನೀವು? ಊರ ಹೆಸರು ಹೇಳಿ.”

ಜರಡಿಯಣ್ಣ ಬಾಯಿ ತೆರೆದರು. ಊರ ಹೆಸರು ಬರಲಿಲ್ಲ. ಬರುವುದಾದರೂ ಹೇಗೆ? ಅದೂ ಅವತ್ತೇ ಸೋಸಿಹೋಗಿತ್ತು. ಹಿಂದಿನ ಸೀಟಿನವರು ನಕ್ಕರು. ಅಣ್ಣ ಕಂಡಕ್ಟರನ್ನು ನೋಡಿದರು, ನನ್ನನ್ನು ನೋಡಿದರು, ನಾನು ತಲೆ ತಗ್ಗಿಸಿದೆ. ಆಮೇಲೆ ಅತ್ತಿಗೆಯ ಕೋಟನ್ನು ನೋಡಿದರು, ಅದರ ತೋಳು ಸರಿಯಾಗಿ ಮಣಿಕಟ್ಟಿನ ತನಕ ಇಳಿದಿದ್ದನ್ನು ನೋಡಿದರು. ಬಿಸಾಕಿದ್ದ ಗದ್ದಲವೆಲ್ಲ, ಪೆಟ್ಟಿಗೆಯ ಬಟ್ಟೆ, ಗ್ಯಾಸಿನವನ ನಂಬರು, ಬಾಮೈದನ ಸಿಟ್ಟು, ಒಟ್ಟಿಗೇ ವಾಪಸು ಬಂದಿರಬೇಕು.

“ನೀನು,” ಅಂದರು. “ಅವತ್ತು... ಏನಂದೆ?”

ಅತ್ತಿಗೆ ಎದುರು ಸೀಟಿನ ಹಿಡಿ ಹಿಡಿದುಕೊಂಡು ಹೇಳತೊಡಗಿದರು. ಅದೇ ಹೊತ್ತಿಗೆ ಡ್ರೈವರು ಇಂಜಿನ್ ಚಾಲೂ ಮಾಡಿದ. ಬಸ್ಸಿಡೀ ಗುಂಯ್ ಎಂದಿತು. ಅತ್ತಿಗೆಯ ತುಟಿ ಅಲುಗುತ್ತಿತ್ತು, ದನಿ ಅದೇ ಗುಂಯ್‌ನೊಳಗೆ ಕರಗಿಹೋಗುತ್ತಿತ್ತು.

ಜರಡಿಯಣ್ಣ ಎದ್ದು ನಿಂತರು. “ಕೇಳಿಸ್ಲಿಲ್ಲ!” ಎಂದು ಕೂಗಿದರು. ಇಡೀ ಬಸ್ಸಿಗೆ ಕೇಳಿಸಿತು, ಕೆಳಗಿದ್ದ ಬಾಮೈದನಿಗೂ ಕೇಳಿಸಿತು. “ನಂಗೆ ಅವತ್ತೂ ಕೇಳಿಸ್ಲಿಲ್ಲ, ಈಗ್ಲೂ ಕೇಳಿಸ್ತಿಲ್ಲ. ಇನ್ನೊಂದ್ಸಲ ಹೇಳು!”

ಡ್ರೈವರು ತಾನಾಗಿ ಇಂಜಿನ್ ಆರಿಸಿದ. ಯಾರೂ ನಗಲಿಲ್ಲ. ಅತ್ತಿಗೆ ಮೊದಲಿನಿಂದ ಹೇಳಿದರು. ಆಸ್ಪತ್ರೆ, ಹೊಸ ಕಟ್ಟಡ, ಒಂದು ವರ್ಷ, ಬೆನ್ನುನೋವು, ಹೋಗಲೋ ಬೇಡವೋ ಎಂದು ತಿಳಿಯದೆ ಕೇಳಲು ಬಂದದ್ದು, ಎಲ್ಲ. ಬಸ್ಸಿನವರೆಲ್ಲ ಕೇಳಿಸಿಕೊಂಡರು. ಅಣ್ಣ ಒಂದಕ್ಷರ ಬಿಡಲಿಲ್ಲ.

“ಈಗ ಹೋಗ್ಬೇಡ ಅಂದ್ರೆ?” ಅಂದರು ಕೊನೆಗೆ, ಬಹಳ ಸಣ್ಣ ದನಿಯಲ್ಲಿ.

ಅತ್ತಿಗೆ ಅವರ ಅಂಗಿಯ ಕಾಲರು ಸರಿ ಮಾಡಿದರು. “ಅವತ್ತು ಅಂದಿದ್ರೆ ಬಹುಶಃ ಹೋಗ್ತಿರ್ಲಿಲ್ಲ ಕಣ್ರೀ. ಈ ವಾರದಲ್ಲಿ ಪೆಟ್ಟಿಗೆ ತುಂಬ್ತಾ ತುಂಬ್ತಾ ನಂಗೇ ಹೋಗ್ಬೇಕು ಅನ್ನಿಸ್ಬಿಡ್ತು. ನನ್ನ ಕೆಲಸ ಬೇಕು ಅಂತ ಕರ್ದಿದಾರೆ. ಹೋಗಿ ಬರ್ತೀನಿ.”

ಅಣ್ಣ ತಲೆಯಾಡಿಸಿ ಇಳಿದರು. ತುಂಬ ಸೋಸಿದರೆ ಸುದ್ದಿ ತಡವಾಗಿ ಬರುತ್ತದೆ ಎಂದು ನಮಗೆಲ್ಲ ಕಲಿಸಿದವರು ಬಸ್ಸು ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದರು. ಬಾಮೈದ ಹತ್ತಿರ ಬಂದ. ಏನೋ ಚುಚ್ಚಬೇಕೆಂದೇ ಬಂದವನು, ಮುಖ ನೋಡಿ, “ಬನ್ನಿ ಬಾವ, ಸ್ಕೂಟರಲ್ಲಿ ಬಿಡ್ತೀನಿ,” ಅಂದ. ಟೀಚರಮ್ಮ ಮಾತ್ರ ತಾವು ಕೇಳಿದ್ದ ಕ್ಷಮೆಯನ್ನು ಅಲ್ಲೇ ವಾಪಸು ತೆಗೆದುಕೊಂಡರು. “ಎಪ್ಪತ್ತು ಮಕ್ಕಳ ಕ್ಲಾಸಲ್ಲೂ ಇಂಥ ದಡ್ಡನ್ನ ನೋಡಿರ್ಲಿಲ್ಲ,” ಎಂದು ನನ್ನನ್ನೂ ಸೇರಿಸಿ ಬೈದು ಹೋದರು.

ಸೋಮವಾರ ಅಣ್ಣ ಕಚೇರಿಗೆ ಬಂದಾಗ ಯಾರೋ ಅಪರಿಚಿತರು ಎಂದುಕೊಂಡು ವಾಚ್‌ಮನ್ನು ತಡೆದ. ಮೂಗಿನ ಕೆಳಗೆ ಬೋಳಾಗಿ, ಎಳೆಯ ಹುಡುಗನ ಹಾಗೆ ಕಾಣುತ್ತಿದ್ದರು. ಊಟದ ಬಿಡುವಿನಲ್ಲಿ ಕೈ ತಾನಾಗಿ ಮೂಗಿನ ಕೆಳಗೆ ಹೋಗುತ್ತಿತ್ತು, ಏನೂ ಸಿಗದೆ ವಾಪಸು ಬರುತ್ತಿತ್ತು. ತತ್ವವೂ ಬರಲಿಲ್ಲ.

ಆ ವಾರ ಒಂದು ಸಾಯಂಕಾಲ ಅವರ ಮನೆಗೆ ಹೋದೆ. ಫ್ಯಾನು ತಿರುಗುತ್ತಿತ್ತು, ಅದೊಂದೇ ಸದ್ದು. ಒಲೆಯ ಮೇಲೆ ಅನ್ನದ ನೀರು ಉಕ್ಕಿ ಒಲೆಯೆಲ್ಲ ಬೆಳ್ಳಗಾಗಿತ್ತು. ಅಣ್ಣ ಕಪಾಟುಗಳನ್ನೆಲ್ಲ ತೆರೆದಿಟ್ಟುಕೊಂಡು ನಿಂತಿದ್ದರು.

“ಮುಚ್ಚಳ ಇಲ್ಲ ಕಣಯ್ಯ. ಆ ನೆಗ್ಗಿದ್ದಿತ್ತಲ್ಲ, ಅದು. ಎಲ್ಲ ಕಡೆ ಹುಡುಕಿದೆ. ಎಲ್ಲಿಟ್ಟಿದಾಳೋ ಹೇಳ್ಲೇ ಇಲ್ಲ.” ಆಮೇಲೆ ತಾವೇ ತಿದ್ದಿಕೊಂಡರು. “ಹೇಳಿರ್ತಾಳೆ. ನಂಗೆ ಕೇಳಿಸಿರಲ್ಲ.”

ಮುಚ್ಚಳ ಯಾಕೆ ಅಷ್ಟು ನೆಗ್ಗಿತ್ತೆಂದು ಅವರಿಗೆ ಹೇಳಲೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ಫೋನು ರಿಂಗಾಯಿತು. ಅಣ್ಣ ಒದ್ದೆ ಕೈಯಲ್ಲೇ ಎತ್ತಿಕೊಂಡರು. “ಹಲೋ” ಎನ್ನುವ ಮೊದಲೇ ಆ ಕಡೆಯಿಂದ, ಎಷ್ಟೋ ದೂರದ ಆ ಚಳಿ ಊರಿನ ಯಾವುದೋ ನೆಲದ ಮೇಲಿಂದ, ಠಣ್ ಎಂದು ಸದ್ದಾಯಿತು. ಉರುಳಿ, ಕುಣಿದು, ನಿಂತಿತು. ನನಗೂ ಕೇಳಿಸಿತು.

ಅಣ್ಣ ಬೆಚ್ಚಿ ನೆಟ್ಟಗೆ ನಿಂತರು. ಫೋನನ್ನು ನೋಡಿದರು, ಒಲೆಯ ಮೇಲಿನ ಬೋಳು ಪಾತ್ರೆಯನ್ನು ನೋಡಿದರು. ಅಷ್ಟು ವರ್ಷಗಳ ಠಣ್‌ಗಳೆಲ್ಲ ಒಂದೊಂದಾಗಿ ಅವರ ತಲೆಯೊಳಗೆ ಬೀಳುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಕಣ್ಣು ತುಂಬಿತು. ಕೈಯಾಡಿಸಿ, ಫ್ಯಾನು ಆರಿಸು ಎಂದು ನನಗೆ ಸನ್ನೆ ಮಾಡಿದರು. ಆರಿಸಿದೆ. ಒಲೆಯನ್ನೂ ಆರಿಸಿದೆ.

ಅವರು ಕುರ್ಚಿ ಎಳೆದುಕೊಂಡು, ಎರಡೂ ಕೈಯಲ್ಲಿ ಫೋನು ಹಿಡಿದು, “ಹೇಳು,” ಅಂದರು.

ಅತ್ತಿಗೆ ಏನೋ ಹೇಳಿದರು. ಸಣ್ಣ ಮಾತೇ ಇರಬೇಕು, ಬೇಗ ಮುಗಿಯಿತು.

“ಕೇಳಿಸ್ತು,” ಅಂದರು ಜರಡಿಯಣ್ಣ. “ಆದ್ರೂ ಇನ್ನೊಂದ್ಸಲ ಹೇಳು.”